ಮೂರನೇ ಸಿಲಿಂಡರು

ನಸುಕಿನ್ಯಾಗ ಬಂದು ನಿಂತಿತ್ತು
ಮಹಾಲಿಂಗಪುರದಾಗ, ಮುಧೋಳ ರೋಡಿನ ನಮ್ಮ ಶೆಡ್ಡಿನ ಮುಂದ.
ದುಡ್, ದುಡ್, ಆಮ್ಯಾಲೊಂದು ಖಾಲಿ,
ದುಡ್, ದುಡ್, ಮತ್ತ ಖಾಲಿ,
ಮುಳ್ಳು ತುಳದ ಎತ್ತು ಹೆಜ್ಜಿ ಇಟ್ಟಂಗ.
ಹಿಂದ ಎರಡು ಡಬ್ಬಿ ತುಂಬ ಕಬ್ಬು.

ಗಾಡಿ ನಾಗರಾಳದ ಸತ್ಯವ್ವಂದು.
ಅಕಿನ ಹೊಡಕೊಂಡು ಬಂದಿದ್ಲು, ತಲಿಗೆ ಟಾವೆಲ್ ಸುತ್ತಿ.
"ಏರು ಬಂದ್ರ ಉಸರು ಹಿಡೀತೈತಿ. ಹೊಗಿ ನೋಡು,
ಹಿಂದಿನ ಬೈಕಿನವ ಊರ ತನಕ ಬೈಕೋತ ಬಂದ."

ನೋಡಿದೆ.
ಉಸ್ತಾದ ಲಾಡಸಾಬ ಹೇಳಿದ್ದು ಬಾಯಿಪಾಠ:
ಕರಿ ಹೊಗಿ ಅಂದ್ರ ಹೊಟ್ಟಿಬಾಕ, ಗಾಳಿ ಕಡಿಮಿ, ಡೀಜಲ್ ಹೆಚ್ಚು.
ನೀಲಿ ಅಂದ್ರ ತನ್ನ ಮೈಯಾಗಿನ ಆಯಿಲ್ ತಾನ ಕುಡ್ಯಾಕ ಹತ್ತೇತಿ,
ರಿಂಗ್ ಸವದಾವು, ಮಾಲಕಗ ಮೊದಲ ಚಾ ಕುಡಿಸಿ ಆಮ್ಯಾಲ ಹೇಳು.
ಬಿಳಿ ಅಂದ್ರ ಒಳಗ ಹೋದದ್ದು ಸುಡಲಾರದ ಹೊಳ್ಳಿ ಬಂದೈತಿ.
ಇದು ಯಾವ ಬಣ್ಣಕ್ಕೂ ಒಪ್ಪೂ ಹೊಗಿ ಅಲ್ಲ,
ಹಸಿ ರವದಿ ತುರಕಿದ ಗಾಣದ ಒಲಿ ಹಂಗ
ಕರೀದೂ ಹೌದು, ಬಿಳೀದೂ ಹೌದು,
ಕಣ್ಣಾಗ ನೀರು ತರಸೂ ಘಾಟು.

ಏರ್ ಕ್ಲೀನರಿನ ವಾಟಿ ಬಿಚ್ಚಿದೆ.
ರಾಡಿಯಾದ ಆಯಿಲ್ಲು, ಕಬ್ಬಿನ ತುಂಡು ಎಲಿ,
ಒಂದು ಕಣಜದ ಗೂಡಿನ ಅರ್ಧ ಗ್ವಾಡಿ.
ತೊಳದೆ, ಒರಸಿದೆ, ಗೆರಿ ಮಟ ಹೊಸಾ ಆಯಿಲ್ ಹಾಕಿದೆ.
ಕರಿ ಹೋತು. ಕುಂಟು ಉಳೀತು.

ಎಂಜಿನ್ ಚಾಲೂ ಇದ್ದಾಗನ
ನಾಝಲ್ ಪೈಪಿನ ನಟ್ಟು ಒಂದೊಂದ ಸಡಲಿಸಿದೆ.
ಒಂದನೇದು ಬಿಟ್ಟೆ, ಸಾಯಾಕ ಬಂತು, ಬಿಗಿದೆ.
ಎರಡನೇದು ಬಿಟ್ಟೆ, ಬಾನಟ್ಟು ಗಡಗಡ ನಡಗಿತು, ಬಿಗಿದೆ.
ಮೂರನೇದು ಬಿಟ್ಟೆ.
ಏನೂ ಆಗಲಿಲ್ಲ.
ಪಂಕ್ತಿಯಾಗಿಂದ ಒಬ್ಬ ಉಣ್ಣಲಾರದ ಎದ್ದು ಹೋದ್ರೂ
ಬಡಸಾವ ಬಡಸಕೋತ ಹೋದಂಗ.

ಒಂದರ ನಾಝಲ್ ಮೂರಕ್ಕ, ಮೂರರದು ಒಂದಕ್ಕ.
ರೋಗ ನಾಝಲಿಂದಾಗಿದ್ರ ಅದರ ಬೆನ್ನ ಹತ್ತಿ ಹೋಗಬೇಕಲ್ಲ?
ಹೋಗಲಿಲ್ಲ. ಮೂರರ ಮನಿಯಾಗ ಕುಂತಿತ್ತು.
ಸತ್ಯವ್ವ ಫ್ಯಾಕ್ಟರಿಗೆ ಎರಡು ಸಲ ಫೋನ್ ಹಚ್ಚಿದ್ಲು.
ಬಿಸಲು ಏರತಿತ್ತು, ಕಬ್ಬಿನ ತೂಕ ಇಳೀತಿತ್ತು.

ಉಸ್ತಾದ ಬೆಂಚಿನ ಮ್ಯಾಲ ಕುಂತಿದ್ದ.
ಈ ಮಳಿಗಾಲದಿಂದ ಅವನ ಕಣ್ಣು ಪೂರಾ ಹೋಗ್ಯಾವು,
ಗಾಡಿ ಈಗ ಕಿವೀಲೆ ನೋಡತಾನ.
"ಪರಪ್ಪಾ, ಕುಣಿ ತಳಾ ಮುಟ್ಟಿದೇನ?" ಅಂದ.

ಬ್ಯಾಟರಿ ಬಿಟ್ಟೆ.
ನಾಝಲ್ ಜೋಡಿ ಒಂದು ತಾಮ್ರದ ವಾಶರು ಬಂದಿತ್ತು, ಸರಿ.
ತಳದಾಗ ಇನ್ನೊಂದು,
ಮಸಿ ತಿಂದು ಕಬ್ಬಿಣದ ಬಣ್ಣಕ್ಕ ತಿರಗಿ
ತಾನ ಸೀಟು ಅನ್ನೂ ಹಂಗ ಕಚ್ಚಕೊಂಡು ಕುಂತಿತ್ತು.
ಹಳೇದು ತಗೀದ ಅದರ ಮ್ಯಾಲ ಹೊಸಾದು.
ಒಂದು ನೂಲು ಎತ್ತರ ಕುಂತ ನಾಝಲ್ಲು,
ಸಂದಿಯಾಗ ಸೋರಿ ಹೋಗೂ ಕಂಪ್ರೆಶನ್ನು.

ಹೋದ ಸೀಸನ್ನಿನಾಗ ಇದ ಶೆಡ್ಡು, ಇದ ಗಾಡಿ.
ಆವಾಗನ ಉಸ್ತಾದನ ಕಣ್ಣು ಮಂಜಾಗಿದ್ವು, ಹೇಳಿರಲಿಲ್ಲ.
ಬ್ಯಾಟರಿ ಹಿಡದಾಂವ ನಾನು.
ಒಂದು ಕೈಯಾಗ ಬ್ಯಾಟರಿ,
ಒಂದು ಕೈಯಾಗ ಫೋನು.

ತಂತಿ ಬಗ್ಗಿಸಿ ಎಬ್ಬಿಸಿದೆ ಅದನ್ನ.
ಸೀಮಿಎಣ್ಣಿ ಪರಾತದಾಗ ಸಪ್ಪಳಿಲ್ಲದ ಇಡಬೇಕಂದೆ.
ಕೈ ಎಣ್ಣಿ ಎಣ್ಣಿ.
ಟಿಣ್.
ಟಿಣ್.

"ಎರಡಾ?" ಅಂದ ಉಸ್ತಾದ.

ಹೂಂ ಅನ್ನಲಿಲ್ಲ ನಾನು, ಉಹೂಂ ಅನ್ನಲಿಲ್ಲ.
ಬೀಡಿಗೆ ಅಂತ ಕಿಸೆದಾಗ ಹಾಕಿದ ಕೈ
ಬಾಳೊತ್ತು ಅಲ್ಲೇ ಇಟ್ಟುಕೊಂಡ.
"ಅಕಿ ಕಡೆ ರೊಕ್ಕಾ ತಗೋಬ್ಯಾಡ."
"ಯಾಕ ಚಾಚಾ?" ಸತ್ಯವ್ವ ಕೇಳಿದ್ಲು.
"ಹಳೇ ಬಾಕಿ ಇತ್ತವಾ, ನಂದು."
"ನಮ್ದು" ಅಂದೆ, ಪಾನಾ ಒರಸಕೋತ.

ಒಂದ ಹೊಸಾ ವಾಶರು. ಬಿಗಿದೆ. ಗಾಳಿ ತಗದೆ.
ಮೊದಲ ಒಂದು ಮುದ್ದಿ ಬಿಳಿ ಹೊಗಿ ಉಗಳಿತು,
ಆಮ್ಯಾಲ ತೆಳುವಾತು,
ಆಮ್ಯಾಲ ಕೊಳವಿ ಬಾಯಿ ಮ್ಯಾಲಿನ ಗಾಳಿ ಬರೇ ನಡಗತಿತ್ತು.

ಅಕಿ ಡಬ್ಬಿಯಿಂದ ಎರಡು ಗಳ ಕಬ್ಬು ಜಗ್ಗಿ
ಬೆಂಚಿಗೆ ಆನಿಸಿ ಹೋದ್ಲು.
ಉಸ್ತಾದ ತೊಡಿ ಮ್ಯಾಲ ಬೆರಳಿಲೆ ಎಣಸಾಕ ಹತ್ತಿದ,
ಒಂದು, ಎರಡು, ಮೂರು,
ಒಂದು, ಎರಡು, ಮೂರು.
ಗಾಡಿ ತಿರುವು ದಾಟಿ ನನಗ ಕೇಳಸದಂಗಾತು.
ಅವನ ಬೆರಳು ಇನ್ನೂ ನಿಂತಿರಲಿಲ್ಲ.