ಸುದ್ದಿ ಹೇಳಾಂವ

ಮೂರ ಮಂದಿ ಸಾಕು ಅಂದ್ರು ಶಾಕಿರಾ ಮೇಡಮ್ಮಾರು.
ರಾಜ, ರಾಣಿ, ಕುರುಬ, ದೂತ, ಕಡೀಕ ಬರೋ ದೇವರು,
ಎಲ್ಲಾರೂ ಆ ಮೂರ ಮಂದ್ಯಾಗ. ಮಾರಿ ಬದಲಿ, ಆಳು ಅದ.
ಗ್ರೀಕ್ ದೇಶದಾಗ ಹಿಂಗ ಆಡತಿದ್ರಂತ,
ಗುಡ್ಡದ ಮೈಯಾಗ ಮೆಟ್ಟಲಾ ಕಡದು, ಹಾಡಹಗಲ,
ಮುಂಜಾನೆ ಸುರು ಆದದ್ದು ಹೊತ್ತ ಮುಣುಗೂದ್ರಾಗ ಮುಗೀಬೇಕು.
ನಮ್ಮ ಸಣ್ಣಾಟದಾಂಗ ಬೆಳತನಕ ಎಳಿಯೂ ಹಂಗಿಲ್ಲ.

ಮ್ಯಾಳಕ್ಕ ಹನ್ನೆರಡು ಹೆಂಗಸರು, ಮಿಲ್ಲಿನ ನೂಲಿನ ಖಾತೇದವರು.
ಪಾಳಿ ಮುಗಿಸಿ, ಕೂದಲಾಗ ಅರಳಿ ಎಳಿ ಇನ್ನೂ ಇದ್ದಂಗ,
ಗೋಕಾಕದ ಶಾಲಿ ಅಂಗಳದಾಗ ಅರ್ಧ ಬಳಿಯಾಗಿ ನಿಂದರತಾರ.
ಮ್ಯಾಳ ಏನ ಮಾಡತೈತ್ರಿ ಅಂದೆ.
ಎಲ್ಲಾ ನೋಡತೈತಿ. ಬ್ಯಾಡ ಅಂತೈತಿ. ತಡೀಲಿಕ್ಕ ಬರೂದಿಲ್ಲ.

ಮೂರನೇದಾಂವ ನಾ. ನನಗ ಕೊಟ್ಟದ್ದು ದೂತನ ಪಾರ್ಟು.
"ಸಾವು ಮಂದಿ ಮುಂದ ತೋರ್ಸೂದಿಲ್ರಿ ಹವಾಲ್ದಾರ.
ಬಾಗಲಾ ಹಿಂದ ಆಗತೈತಿ. ನೀವು ಬಂದು ಹೇಳೂದಷ್ಟ.
ಆಮ್ಯಾಲೆ ಹೆಣಾ ಹೊರಗ ತರತಾರ, ಗಾಲಿ ಹಲಗಿ ಮ್ಯಾಲ."
ನಗಿ ಬಂತು.
ಸರಕಾರಿ ದವಾಖಾನಿ ಹಲಗೀಗೂ ಗಾಲಿ ಅದಾವು, ಒಂದು ಕಿರಗುಟ್ಟತೈತಿ.
ಹತ್ತೊಂಬತ್ತು ವರ್ಷ ಆತು, ಪಗಾರ ತಗೊಂಡು
ನಾ ಇದನ್ನ ಮಾಡಾಕತ್ತೀನಿ.

ಮಾರಿ ಮಾಡಿಕೊಟ್ಟಾಂವ ದತ್ತೋಬಾ ಜೀನಗಾರ.
ಅವನ ಕಟಗಿ ಪ್ಯಾರಲಕ್ಕ ಗಿಣಿ ಬಂದು ಕುಕ್ಕಿದ್ದು ನಾ ನೋಡೀನಿ.
ಹನ್ನೆರಡೂ ಒಂದ ಮಾರಿ. ನಗೂದೂ ಅಲ್ಲ, ಅಳೂದೂ ಅಲ್ಲ.
"ತಲಿ ಬಗ್ಗಿಸಿದ್ರ ನೆರಳ ಅಳತೈತಿ, ಎತ್ತಿದ್ರ ಬೆಳಕ ಸಿಟ್ಟಾಗತೈತಿ,
ನಾ ಮಾಡೂದೇನಿಲ್ಲ" ಅಂದ.
ಬಾಯಿ ಮಾತ್ರ ತೆರದ ಬಿಟ್ಟಾನ, ನಾಕ ಬಟ್ಟ ಹೋಗೂವಷ್ಟು.

ಕೊಣ್ಣೂರಾಗ ಒಂದ ಮನಿ.
ಹುಡುಗ ಫಾಲ್ಸಿನ ಹಾಸಗಲ್ಲ ಮ್ಯಾಲ ನಿಂತು, ಫೋಟೊ ಛಲೋ ಬರಲೆಂತ
ಇನ್ನೊಂದ ಹೆಜ್ಜಿ ಹಿಂದ ಸರದಿದ್ದ.
ತಪ್ಪು ಅಂದ್ರ ಪಾಪ ಅಲ್ರಿ, ಗುರಿ ಬಿಟ್ಟ ಬಾಣ, ಅಂತಾರ ಮೇಡಮ್ಮಾರು.
ಒಂದ ಹೆಜ್ಜಿ, ಅಷ್ಟ.
ತಾಯಿ ಬಾಗಲಾ ತಗದ್ಲು. ಬಿಸಲಾಗ ಬಂದೀರಿ, ಕುಂಡರ್ರಿ, ಚಾ ಮಾಡತೀನಿ.
ನಾ ಕುಂತೆ. ಚಾ ಕುಡದೆ.
ಮಗಗಂತ ಎತ್ತಿಟ್ಟ ಕರದಂಟಿನ ತುಂಡ ತಾಟಿನಾಗ ಇಟ್ಲು, ಅದನ್ನೂ ತಿಂದೆ.
ಪಾಸಾಗ್ಯಾನ್ರಿ ಅಂದ್ಲು, ಫಸ್ಟ್ ಕ್ಲಾಸು.
ಓಣಿಗೆಲ್ಲಾ ಗೊತ್ತಿದ್ದದ್ದು ಅಕಿಗೊಬ್ಬಾಕಿಗೆ ಗೊತ್ತಿದ್ದಿಲ್ಲ.
ಅದಕ್ಕೂ ನಾಟಕದಾಗ ಒಂದ ಹೆಸರೈತಂತ.
ಆಮ್ಯಾಲೆ ನನ್ನ ಕೈಯಾಗಿನ ಟೊಪ್ಪಗಿ ನೋಡಿದ್ಲು.
ಬೂಟಿಗಂಟಿದ ಹಸಿ ಉಸುಕು ನೋಡಿದ್ಲು.
ನಾ ಹೇಳೂದು ಉಳೀಲಿಲ್ಲ.

ಕಡೀಕ ದೇವರು ಇಳೀತಾನ, ಅರಳಿ ಅಂಡಗಿ ಎತ್ತೂ ಗಡಗಡಿ ಹಗ್ಗಕ್ಕ.
ಕೊಣ್ಣೂರಾಗ ಯಾರೂ ಇಳದಿದ್ದಿಲ್ಲ.
ತಾಲೀಮಿನಾಗ ದೇವರಾದಾಂವ ನಡುವ ಸಿಕ್ಕೊಂಡ,
ಧೋತರ ಬಿಚ್ಚಿ, ಕಾಲ ಝಾಡಿಸಿಕೋತ ಜೋತಾಡಿದ.
ಮ್ಯಾಳ ಮಾರಿ ತಗದು ನಕ್ಕೀತು.
ಆಗ ಕಂಡ್ಲು. ಎಡಕಿಂದ ಮೂರನೇದಾಕಿ.
ಅಕಿನ.
ನಗತಿದ್ಲು, ಎಲ್ಲಾರಗಿಂತ ಜೋರ.

ಮತ್ತ ಮಾರಿ ಹಾಕ್ಕೊಂಡ್ರು. ಸಾಲು ಅದಲಬದಲಾತು.
ಯಾವಾಕಿ ಯಾರು ತಿಳೀಲಿಲ್ಲ.
ನಾ ಓಡಿ ಬರಬೇಕು. ಬಂದೆ.
ಮ್ಯಾಳ ಕೇಳಬೇಕು: "ಒಳಗ ಏನಾತು, ಹೇಳಪಾ."
ಹನ್ನೊಂದು ದನಿ ಕೇಳಿದ್ವು.
ಒಂದು, ಆ ತೆರದ ಬಾಯಾಗಿಂದ, ಮೆಲ್ಲಕ:
"ಮೊದಲ ಚಾ ಕುಡೀರಿ."

ಮೇಡಮ್ಮಾರು ಹಾಳಿ ತಿರುವ್ಯಾಕತ್ತಾರ, ಇದು ಎಲ್ಲಿ ಬರದೈತಿ ಅಂತ.
ಡ್ಯೂಟಿ ಮುಗಿಸಿ ಹಂಗ ಬಂದಾಂವ ನಾ,
ಟೊಪ್ಪಗಿ ಕೈಯಾಗ ಹಿಡದು ನಿಂತೀನಿ.