ಸೂರಿನ ಸೇತುವೆ

ಡೇರೆಗೆ ನುಸಿಗುಳಿಗೆಯ ವಾಸನೆ.
ಕಾಲೇಜಿನ ಎನ್‌ಸಿಸಿ ಗೋದಾಮಿನಲ್ಲಿ ಸಹಿ ಹಾಕಿ ತಂದದ್ದು:
ಡೇರೆ ಒಂದು, ಗೂಟ ಹನ್ನೆರಡು, ಸುತ್ತಿಗೆ ಒಂದು.
ಬಿಚ್ಚಿ ಎಣಿಸಿದರೆ ಗೂಟ ಒಂಬತ್ತೇ.
"ಸೋಮವಾರ ಕೇಳ್ತಾರ ನೋಡು ಸುಗಲಾ,
ಮೂರು ಎಲ್ಲಿ ನುಂಗಿದ್ರಿ ಅಂತ"
ಎನ್ನುತ್ತ ತಸ್ನೀಮ್ ಸೀರೆ ಎತ್ತಿ ಕಟ್ಟಿದಳು.

ಡಿಸೆಂಬರಿನ ಕಾಗಿಣಾ ನದಿಯೇನಲ್ಲ,
ಕಲ್ಲುಗಳ ನಡುವೆ ದಾರಿ ಕೇಳುತ್ತ ಹೋಗುವ ನೀರು.
ದಂಡೆಯ ಮೇಲೆ ಎರಡು ಸಿಮೆಂಟು ಬೆಂಚು,
ಬಣ್ಣ ಹೋದ ಜಾರುಬಂಡೆ,
"ಉದ್ಯಾನವನ" ಎಂಬ ಫಲಕದಲ್ಲಿ ಉಳಿದದ್ದು "ವನ".
ಕಾವಲುಗಾರ ಐದಕ್ಕೇ ಸೈಕಲ್ ಹತ್ತಿದ.
"ಹಾವಿಲ್ಲ ಅಕ್ಕೋರೆ, ಬರೇ ಚೇಳು" ಎಂದು
ಸಮಾಧಾನ ಹೇಳಿ ಹೋದ.

ಆಚೆಗೆ ಹಳೆಯ ಸೇತುವೆ.
ಹನ್ನೊಂದು ಕಮಾನು. ನಡುವಿನ ಮೂರಕ್ಕೆ ಮಾತ್ರ
ಮೇಲೊಂದು ಗಾರೆಯ ಸೂರು, ಬೆನ್ನು ಬಾಗಿದ್ದು.
ನಿಜಾಮನ ಕಾಲದ್ದು ಅಂತಾರೆ.
ಯಾಕೆ ಮುಚ್ಚಿದರೋ ಹೇಳುವವರಿಲ್ಲ.
ಸುಂಕದವರು ನೆರಳಿಗೆ ಕೂತಿರಬೇಕು ಎಂದೆ.
ಮೇನೆ ಇಳಿಸಲಿಕ್ಕೆ ಎಂದಳು ಅವಳು.
ಇಲ್ಲಿಯ ಮೇ ತಿಂಗಳು ಕಂಡವರು
ಸೂರಿಗೆ ಕಾರಣ ಕೇಳಬಾರದು.
ಈಗ ಹೊಸ ಸೇತುವೆ ಬಂದಿದೆ, ಮೈಲಿಯಾಚೆ.
ಇದರ ಎರಡೂ ಬಾಯಿಗೆ, ಲಾರಿ ನುಗ್ಗದಂತೆ,
ಎರಡೆರಡು ಕಲ್ಲು ನೆಟ್ಟು ಕೈ ತೊಳೆದುಕೊಂಡಿದ್ದಾರೆ.

ಐವತ್ತೊಂದಕ್ಕೆ ಇದೇನು ಹುಚ್ಚು ಎಂದಿದ್ದರು ಮನೆಯಲ್ಲಿ.
ಸಮೀಕ್ಷೆ ಇದೆ ಎಂದು ಸುಳ್ಳು ಹೇಳಿ ಬಂದೆ.
ಅವಳು ಏನು ಹೇಳಿ ಬಂದಳೋ ಕೇಳಲಿಲ್ಲ.
ಅವಳಿಗೆ ಔರಾದಿಗೆ ವರ್ಗವಾಗಿದೆ,
ಜನವರಿ ಒಂದಕ್ಕೆ ಹಾಜರಾಗಬೇಕು.
ಅದನ್ನೂ ಕೇಳಲಿಲ್ಲ.

ಕುಳ್ಳಿನ ಕೆಂಡದಲ್ಲಿ ಹಸಿ ಜೋಳದ ತೆನೆ ಸುಟ್ಟು
ಅಂಗೈಯಲ್ಲಿ ತಿಕ್ಕಿ ಉದುರಿಸಿದೆವು.
ಸೀತನಿ, ಶೇಂಗಾ ಹಿಂಡಿ, ಬೆಲ್ಲದ ಚೂರು.
ತುಟಿಯೆಲ್ಲ ಬೂದಿ.
"ಮರದ ಬಂದೂಕು ಹಿಡಿದು ರಾತ್ರಿಯೆಲ್ಲ ಕಾದಿದ್ದೆವಲ್ಲ,
ಏನನ್ನು ಕಾದೆವು?" ಎಂದಳು.
"ಬಕೆಟ್ಟುಗಳನ್ನ" ಎಂದೆ.
ನಕ್ಕದ್ದು ಸೂರಿನ ಕೆಳಗೆ ಹೋಗಿ
ಸ್ವಲ್ಪ ಹೊತ್ತು ಇದ್ದು ಬಂತು.

ಎಷ್ಟು ಹೊತ್ತಿಗೋ ಎಚ್ಚರವಾಯಿತು.
ಮಳೆ.
ಶಾಹಾಬಾದ್ ಹಾಸುಗಲ್ಲಿನ ಮೇಲೆ ದಪ್ಪ ಹನಿಯ ಮಳೆ.
ಡೇರೆಯ ಬಟ್ಟೆ ಮುಟ್ಟಿದೆ, ಒಣಗಿತ್ತು.
ಹೊರಗೆ ಬಂದರೆ ಆಕಾಶದ ತುಂಬ ಚುಕ್ಕಿ,
ಸೇತುವೆಯ ನಡುವೆ ಮಾತ್ರ ಸುರಿಯುತ್ತಿದೆ.
ತಸ್ನೀಮ್ ಬರಿಗಾಲಲ್ಲಿ ನೆಟ್ಟಗೆ ನಿಂತು,
ಮೂವತ್ತೆರಡು ವರ್ಷ ಹಿಂದಿನ ಗಂಟಲಲ್ಲಿ,
"ಥಮ್! ಕೌನ್ ಆತಾ ಹೈ?"

ಮಳೆ ನಿಂತಿತು.
ಕತ್ತಲೊಳಗಿಂದ ಒಂದು ಕೆಮ್ಮು:
"ನಾನ್ರೀ... ಮತ್ತ ಕುರಿ."

ಬೀರಲಿಂಗ ಅಂತ ಹೆಸರು. ಬೀಡಿಗೆ ಕೆಂಡ ಕೇಳಿದ.
ಹೊಸ ಸೇತುವೆ ಮೇಲ್ಯಾಕ ಹೋಗಂಗಿಲ್ಲ ಎಂದರೆ
"ಅಲ್ಲಿ ಎಣಸಾಕ ಬರಂಗಿಲ್ರಿ" ಎಂದ.
ಹಗಲು ಕಣ್ಣಿಂದ ಎಣಿಸಬಹುದಂತೆ.
ರಾತ್ರಿ ಗೊರಸು ಕೇಳಬೇಕು,
ಕೇಳಬೇಕೆಂದರೆ ತಲೆ ಮೇಲೆ ಸೂರು ಬೇಕು.
"ಕುಂಟೋದು ಒಂದೈತಿ, ಅದು ದಾಟಿದ್ರ ಮುಗೀತು."

ಅವನು ಶಿಳ್ಳೆ ಹಾಕಿದ. ಮತ್ತೆ ಮಳೆ.
ನಾನು ಗಣಿತದವಳು, ಎಣಿಸಿದೆ;
ನಲವತ್ತಕ್ಕೆ ತಪ್ಪಿತು.
ತಸ್ನೀಮ್ ನನ್ನ ಮೊಣಕೈ ಹಿಡಿದಿದ್ದಳು, ಚಳಿಗೋ ಏನೋ.
ಕೊನೆಗೆ ಮೂರು ಹೆಜ್ಜೆ, ಒಂದು ಬಿಡುವು,
ಮೂರು ಹೆಜ್ಜೆ, ಒಂದು ಬಿಡುವು.
"ಬಂತು" ಎಂದ ಬೀರಲಿಂಗ, ನಮಗಲ್ಲ.

ಬೆಳಿಗ್ಗೆ ಡೇರೆ ಮಡಚಿದೆವು.
ಒಂದು ಗೂಟ ಕಲ್ಲಿನ ಸಂದಿಗೆ ಸಿಕ್ಕು
ಇಬ್ಬರೂ ಎಳೆದರೂ ಬರಲಿಲ್ಲ.
ಇರಲಿ ಬಿಡು ಎಂದಳು.
ಸೋಮವಾರ ಕೇಳುತ್ತಾರೆ.
ಮೂರರ ಜಾಗದಲ್ಲಿ ನಾಲ್ಕು ಎಂದು ಬರೆದುಕೊಳ್ಳಲಿ.