ಹತ್ತೋ ಹನ್ನೊಂದೋ

ಲೆಕ್ಕದ ಪುಸ್ತಕದಲ್ಲಿ ಹತ್ತು ಎಂದಿದೆ.
ನಾನು ಹತ್ತಿದ್ದು ಹನ್ನೊಂದು.
ವರ್ಷಕ್ಕೆ ಆರು ತಿಂಗಳು ಮೋಡ ಬಿಚ್ಚದ ಈ ಒರೆಗಾನ್ ಕಣಿವೆಯಲ್ಲಿ
ಹಾಲ್ವರ್ಡ್ ಟ್ರೋಸ್ವಿಕ್ ಕಟ್ಟಿದ ಮನೆಗಳು,
ಒಂದೊಂದಕ್ಕೂ ಹಲಗೆಯಷ್ಟು ಚಪ್ಪಟೆ ಸೂರು.
ನನಗೆ ಅನ್ನ ಹಾಕಿದ್ದು ಅದೇ.

ವಾಸ್ತುಶಿಲ್ಪ ಓದಿದವನಲ್ಲ ನಾನು.
ಡಾಂಬರಿನ ಬಕೆಟ್ಟು, ಉದ್ದ ಹಿಡಿಯ ಬ್ರಷ್ಷು, ಏಣಿ.
ಮನೆಯನ್ನು ಓದುವುದು ಮೇಲಿಂದ ಕೆಳಕ್ಕೆ.
ಗಾಜಿನ ಗೋಡೆ, ತೇಲುವ ಮೆಟ್ಟಿಲು ಅಂತ ಜನ ಬಾಯಿ ಬಿಡುವಾಗ
ನನ್ನ ಕಣ್ಣು ಹುಡುಕುವುದು ಚಾವಣಿಯ ಮೂಲೆಯಲ್ಲಿ
ಚಹಾ ಚೆಲ್ಲಿದಂಥ ಕಂದು ಕಲೆ.

ಕಿನ್ನಿ ದಿಬ್ಬದ್ದು ಈಗ ಹಲ್ಲಿನ ದವಾಖಾನೆ.
ಮಲಗುವ ಕೋಣೆಯಲ್ಲಿ ಕುರ್ಚಿ ಹಿಂದಕ್ಕೆ ವಾಲುತ್ತದೆ,
ಬಾಯಿ ತೆರೆದವರು ನೋಡುವುದು
ಅವನು ಸೂರಿನಲ್ಲಿ ಬಿಟ್ಟ ಆಕಾಶದ ಕಿಂಡಿಯನ್ನೇ.
ಇಷ್ಟು ಜನ, ಇಷ್ಟು ಹೊತ್ತು, ಅಲ್ಲಾಡದೆ
ಅವನ ಕೆಲಸ ನೋಡಿದ್ದು ಬೇರೆಲ್ಲೂ ಇಲ್ಲ.

ನದಿ ಬದಿಯದನ್ನು ಕೊಂಡವರಿಗೆ ಬೇಕಿದ್ದದ್ದು ನದಿ.
ಮಂಗಳವಾರ ಬೆಳಿಗ್ಗೆ ಯಂತ್ರ ಬಂತು, ಊಟದ ಹೊತ್ತಿಗೆ ಬಯಲು.
ಗಾಜು ಒಡೆದ ಸದ್ದಿಗಿಂತ
ಸೀಳಿದ ದೇವದಾರಿನ ವಾಸನೆ ಹೆಚ್ಚು ದೂರ ಹೋಯಿತಂತೆ.
ಆವತ್ತು ನಾನು ಬೇರೆ ಸೂರಿನ ಮೇಲಿದ್ದೆ.

ಇನ್ನೊಂದನ್ನು ಉಳಿಸಬೇಕೆಂದು ನಡುವೆ ಕೊಯ್ದು
ಎರಡು ಲಾರಿಗೆ ಹೇರಿ, ನಡುರಾತ್ರಿ ಹೆದ್ದಾರಿಯಲ್ಲಿ ಸಾಗಿಸಿದರು.
ಅಡುಗೆಮನೆ ಮುಂದೆ, ಬಚ್ಚಲು ಹಿಂದೆ,
ನಡುವೆ ಹಳದಿ ದೀಪ ಮಿಣುಕಿಸುತ್ತ ಪೊಲೀಸು.
ಸೇರಿಸಿದ ಮೇಲೂ ಒಂದು ಬೆರಳು ಸಂದು ಉಳಿಯಿತು.
ನನ್ನನ್ನು ಕರೆದದ್ದು ಆ ಬೆರಳಿಗೆ.

ಸ್ಟೇಟ್ ರಸ್ತೆಯದು ಚೂಕ್ ದ್ವೀಪದವರ ಇಗರ್ಜಿ.
ಒಂದು ಮೊಳೆಯನ್ನೂ ಹೊಡೆಯಬೇಡಿ ಎಂದು ಅವನು ಬರೆದುಕೊಟ್ಟ ಬಿಳಿ ಗೋಡೆಗೆ
ಕೆಂಪು ಪ್ಲಾಸ್ಟಿಕ್ ಹೂವಿನ ಹಾರ, ಹದಿನಾಲ್ಕು ಮೊಳೆ.
ಹನಿ ಬೀಳುವಲ್ಲಿ ಬಕೆಟ್ಟಿಟ್ಟು ಸುತ್ತ ಕುರ್ಚಿ ಹಾಕುತ್ತಾರೆ.
‘ನೀರು ನಮಗೆ ನೆಂಟ’ ಎಂದು ನಕ್ಕರು ಪಾಸ್ಟರ್ ಅಕಪಿತೊ,
‘ಆದರೆ ಪ್ರತಿ ಭಾನುವಾರ ಬರುವ ನೆಂಟ ಬೇಡ.’
ಅರ್ಧ ಕೂಲಿ, ಒಂದು ಚೀಲ ದೀವಿ ಹಲಸು.

ಗ್ರೇಡಿ, ಸೊಲೆಯ್ನ್ ಇಬ್ಬರೂ ಕೊಂಡ ಮನೆ
ಕಟ್ಟಿದ ದಿನಕ್ಕಿಂತ ಹೊಸದಾಗಿದೆ.
ಬಾಗಿಲ ಹಿಡಿ ಮಾತ್ರ ಹಳೆಯದೇ ಬೇಕೆಂದು
ನನ್ನ ಲಾರಿಯ ಬೆಲೆ ತೆತ್ತು ತರಿಸಿದರು.
ಮೇಜಿನ ಮೇಲೆ ಮೂರು ನಿಂಬೆಹಣ್ಣು.
ಬಾಯಾರಿ ಇಳಿದು ಬಂದರೆ
‘ಅದು ಫೋಟೋಕ್ಕೆ’ ಅಂದರು.

ಏಳನೆಯದರ ಬಗ್ಗೆ ಮಾತಾಡಲಾರೆ. ಬಾಕಿ ಕೋರ್ಟಿನಲ್ಲಿದೆ.

ಅವನ ಸ್ವಂತದ್ದರ ಮೇಲೆ ನೀಲಿ ತಾಡಪಾಲು, ಮೂರು ಚಳಿಗಾಲದಿಂದ.
ಆಸ್ಪತ್ರೆ ಸಾಲಕ್ಕೆ ಅದನ್ನು ಮಾರಿ
ಅವನು ಸತ್ತದ್ದು ಇಳಿಜಾರು ಮಾಡಿನ ವೃದ್ಧಾಶ್ರಮದಲ್ಲಿ,
ಚೆನ್ನಾಗಿ ಬೆಚ್ಚಗೆ.

ಇನ್ನು ಆ ಹನ್ನೊಂದನೆಯದು.
ಅರವತ್ತಮೂರರ ಚಳಿಗಾಲ. ಮೂರನೆಯ ಬಕೆಟ್ಟೂ ತುಂಬಿದಾಗ
ಇಮೊಜೀನ್ ಸ್ಟ್ಯಾಡ್ಲರ್ ಬಡಗಿಯನ್ನು ಕರೆಸಿ
ಚಪ್ಪಟೆ ಸೂರಿನ ಮೇಲೆ ಗೂಡುಮಾಡು ಹೊದಿಸಿದರು,
ಊರ ಎಲ್ಲ ಮನೆಗಳ ಹಾಗೆ.
ಟ್ರೋಸ್ವಿಕ್ ಬೀದಿಯಾಚೆ ಕಾರು ನಿಲ್ಲಿಸಿದ,
ಇಳಿಯಲಿಲ್ಲ, ಎಂಜಿನ್ನೂ ಆರಿಸಲಿಲ್ಲ,
ಆಮೇಲೆ ತನ್ನ ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿದ.

ಹೋದ ಅಕ್ಟೋಬರಿನಲ್ಲಿ ಆಕೆಯಿಂದ ಫೋನು: ಮೇಲೆ ಪರಚುವ ಸದ್ದು.
ಟಾರ್ಚು ಕಚ್ಚಿಕೊಂಡು ಎರಡು ಸೂರುಗಳ ನಡುವೆ ತೆವಳಿದೆ.
ಮೊಣಕಾಲ ಕೆಳಗೆ
ಹರಡಿದ ಹಾಗೇ ಇದ್ದವು ಬಿಳಿ ಬೆಣಚುಕಲ್ಲು,
ಡಾಂಬರು ಕಾಗೆಯ ರೆಕ್ಕೆಯಂತೆ ಕಪ್ಪು,
ಯಾವ ಮಗುವೋ ಎಸೆದು ಮರೆತ ಚೆಂಡು,
ಅಂಚಿನ ಹಲಗೆಯ ಮೇಲೆ ಸೀಸದಕಡ್ಡಿಯಲ್ಲಿ ಅವನದೇ ಅಕ್ಷರ:
ಇಳಿಜಾರು ಕಾಲು ಇಂಚು, ಸಾಕು.

ಅವನ ಕೈ ಬಿಟ್ಟ ಹಾಗೇ ಉಳಿದ ಇನ್ನೊಂದು ಸೂರನ್ನು
ನಾನು ಕಂಡಿಲ್ಲ.
ಅಲ್ಲೇ ಕೂತೆ, ಎಷ್ಟು ಹೊತ್ತೋ.
ಹೊರಗೆ ಮಳೆ ಇನ್ನೊಬ್ಬರ ಮಾಡಿನ ಮೇಲೆ ಬೀಳುವಂತೆ ಕೇಳುತ್ತಿತ್ತು.

‘ಏನಿದೆ ಮೇಲೆ?’ ಕೆಳಗಿನಿಂದ ಅಜ್ಜಿಯ ದನಿ.
‘ಒಂದು ಹನಿಯೂ ಇಳಿದಿಲ್ಲ’ ಎಂದೆ.
‘ಅದು ಗೊತ್ತು. ರಕೂನ್ ಇದೆಯೋ ಇಲ್ಲವೋ ಹೇಳು.’